ಆಲೂರಿನ ಆಟ, ನಮ್ಮೂರಿನ ಹೆಣ್ಣುಮಕ್ಕಳು

2025ರ ಆಗಸ್ಟ್ ತಿಂಗಳಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯವರು ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ‘ಮಹಾರಾಣಿ ಟ್ರೋಫಿ’ ಎಂಬ ಹೆಸರಿನಿಂದ ಮಹಿಳೆಯರ ಇಪ್ಪತ್ತು ಓವರುಗಳ ಪಂದ್ಯಾವಳಿಯನ್ನು ಮೊದಲ ಬಾರಿಗೆ ನಡೆಸಿದರು. ಗಂಡಸರ ‘ಮಹಾರಾಜ ಟ್ರೋಫಿ’ 2022ರಲ್ಲೇ ಆರಂಭವಾಗಿತ್ತು. ರಾಜರ ಆಳ್ವಿಕೆ ಮುಗಿದು ಮುಕ್ಕಾಲು ಶತಮಾನ ಕಳೆದರೂ ಆಟಕ್ಕೆ ರಾಜರ ಹೆಸರೇ ಬೇಕಾಯಿತೇ ಎಂಬ ಮಾತು ಹಾಗಿರಲಿ. ರಾಜನ ಪಟ್ಟಾಭಿಷೇಕವಾದ ಮೂರು ವರ್ಷಕ್ಕಾದರೂ ರಾಣಿಗೆ ಮೈದಾನ ದೊರೆಯಿತಲ್ಲ! ಈ ಪಂದ್ಯಾವಳಿಯನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ.

ಆದರೆ ಸ್ವಾಗತ ಹೇಳಿ ಸುಮ್ಮನಾಗುವಂತಿಲ್ಲ. ಯಾದಗಿರಿಯ ಹತ್ತಿ ಮಿಲ್ಲಿನಲ್ಲಿ ದುಡಿಯುವವನ ಮಗಳು, ಶಹಾಪುರದ ಕಿರಾಣಿ ಅಂಗಡಿಯವನ ಮಗಳು, ಸುರಪುರದ ಹಮಾಲನ ಮಗಳು ಆಲೂರಿನ ಆ ಮೈದಾನವನ್ನು ಮುಟ್ಟುವ ದಾರಿ ಯಾವುದು? ಈ ಪ್ರಶ್ನೆಗೆ ಉತ್ತರ ಸಿಗುವ ತನಕ ಆ ಪಂದ್ಯಾವಳಿ ಹೆಸರಿಗೆ ಮಾತ್ರ ರಾಜ್ಯದ್ದು, ನಿಜದಲ್ಲಿ ರಾಜಧಾನಿಯದು ಎಂದೇ ನಾವು ಹೇಳಬೇಕಾಗುತ್ತದೆ.

ಗಂಡಸರ ಪಂದ್ಯಾವಳಿಯ ಅನುಭವವನ್ನೇ ನೋಡಿರಿ. ಅದರಲ್ಲಿ ನಮ್ಮ ಭಾಗದ ಹೆಸರು ಹೊತ್ತ ‘ಗುಲಬರ್ಗಾ ಮಿಸ್ಟಿಕ್ಸ್’ ಎಂಬ ತಂಡವಿದೆ. 2022ರಲ್ಲಿ ಕಪ್ ಗೆದ್ದದ್ದೂ ಆ ತಂಡವೇ. ಆದರೆ ಆ ವರ್ಷದ ಒಂದು ಪಂದ್ಯವೂ ಕಲಬುರಗಿಯ ನೆಲದಲ್ಲಿ ನಡೆಯಲಿಲ್ಲ. 2025ರ ವರೆಗಿನ ನಾಲ್ಕೂ ವರ್ಷ ಆಟವೆಲ್ಲ ಬೆಂಗಳೂರು ಮತ್ತು ಮೈಸೂರುಗಳಲ್ಲೇ ಮುಗಿಯಿತು. ಹೆಸರು ನಮ್ಮದು, ಟಿಕೆಟ್ಟಿನ ಹಣ, ಜಾಹೀರಾತಿನ ಲಾಭ, ಮೈದಾನದ ಅನುಕೂಲ ಎಲ್ಲವೂ ಬೇರೆಯವರದು. ಹತ್ತಿ ನಮ್ಮ ಹೊಲದ್ದು, ಬಟ್ಟೆಯ ಲಾಭ ಇನ್ನೊಬ್ಬರ ತಿಜೋರಿಗೆ ಎಂಬ ಹಳೆಯ ಕಥೆಯನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಹಿಳೆಯರ ಆಟಕ್ಕೆ ಈಗ ಹಣ ಹರಿದು ಬರುತ್ತಿರುವುದು ನಿಜ. 2023ರಲ್ಲಿ ಆರಂಭವಾದ ಮಹಿಳಾ ಪ್ರೀಮಿಯರ್ ಲೀಗಿನ ಐದು ತಂಡಗಳನ್ನು ಬಂಡವಾಳಗಾರರು ಕೊಂಡದ್ದು ಒಟ್ಟು 4,669 ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟ ಬೆಲೆಗೆ. ಆಟಗಾರ್ತಿಯರನ್ನು ಸವಾಲಿನಲ್ಲಿ ಕೂಗಿ ಕೊಂಡರು. ಸ್ಮೃತಿ ಮಂಧಾನಾ ಅವರಿಗೆ 3 ಕೋಟಿ 40 ಲಕ್ಷ ಬಿತ್ತು. ಮೂಲತಃ ಕಲಬುರಗಿಯವರಾದ ಶ್ರೇಯಾಂಕಾ ಪಾಟೀಲರಿಗೆ 10 ಲಕ್ಷ. ಅದೇ ಶ್ರೇಯಾಂಕಾ ಮರುವರ್ಷ, 2024ರ ಮಾರ್ಚ್ 17ರಂದು ದಿಲ್ಲಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತು ಬೆಂಗಳೂರು ತಂಡಕ್ಕೆ ಕಪ್ ತಂದುಕೊಟ್ಟರು. ನಮಗೆಲ್ಲ ಹೆಮ್ಮೆಯಾಯಿತು. ಆದರೆ ಅವರ ಆಟ ಹದಗೊಂಡದ್ದು ಬೆಂಗಳೂರಿನ ಮೈದಾನಗಳಲ್ಲಿ ಎಂಬುದನ್ನು ಆ ಹೆಮ್ಮೆಯ ಭರದಲ್ಲಿ ನಾವು ಮರೆಯಬಾರದು.

ಮಾರುಕಟ್ಟೆ ಯಾರ್ಡಿನಲ್ಲಿ ಹತ್ತಿ, ತೊಗರಿಯ ಸವಾಲು ಕಂಡವರಿಗೆ ಒಂದು ಸತ್ಯ ಗೊತ್ತಿದೆ. ಖರೀದಿದಾರ ರಾಶಿಯನ್ನು ಕೊಳ್ಳುತ್ತಾನೆಯೇ ಹೊರತು ಬಿತ್ತುವುದಿಲ್ಲ. ಲೀಗಿನ ಸಾಹುಕಾರರೂ ಅಷ್ಟೇ. ಹಾಗಾದರೆ ಮಹಿಳಾ ಕ್ರಿಕೆಟ್ಟಿನ ಬೀಜ ಬಿತ್ತಿದವರು ಯಾರು? 1976ರಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸಿನ ವಿರುದ್ಧ ಬೆಂಗಳೂರಿನಲ್ಲಿ ಆಡಿದಾಗ ನಾಯಕಿಯಾಗಿದ್ದವರು ನಮ್ಮ ಶಾಂತಾ ರಂಗಸ್ವಾಮಿ. ಆ ಕಾಲದ ಆಟಗಾರ್ತಿಯರು ರೈಲಿನ ಕಾಯ್ದಿರಿಸದ ಡಬ್ಬಿಗಳಲ್ಲಿ ಪ್ರಯಾಣ ಮಾಡಿ, ನೆಲದ ಮೇಲೆ ಮಲಗಿ ಆಡಿದರು. ಆಮೇಲೆ ದಶಕಗಟ್ಟಲೆ ಅವರಿಗೆ ಅನ್ನ ಕೊಟ್ಟದ್ದು ರೈಲ್ವೆ ಇಲಾಖೆ. ಆಟಗಾರ್ತಿಗೆ ನೌಕರಿ ಕೊಟ್ಟು, ತಿಂಗಳ ಪಗಾರ ಕೊಟ್ಟು, ಅಭ್ಯಾಸಕ್ಕೆ ಬಿಡುವು ಕೊಟ್ಟಿತು. ರೈಲ್ವೆ ತಂಡ ದೇಶದ ಪಂದ್ಯಾವಳಿಗಳನ್ನು ಒಂದರ ಮೇಲೊಂದು ಗೆಲ್ಲುತ್ತ ಬಂದುದರ ಗುಟ್ಟು ಇಷ್ಟೇ. ಸವಾಲು ಕೂಗುವವರು ಬರುವ ಮುಂಚೆ ಈ ಬೆಳೆಯನ್ನು ಕಾದದ್ದು ಜನರ ಹಣದಿಂದ ನಡೆಯುವ ಸಾರ್ವಜನಿಕ ಸಂಸ್ಥೆ.

ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡರ ಬಾಳೇ ಇದಕ್ಕೆ ಸಾಕ್ಷಿ. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದ ಆ ಎಡಗೈ ಸ್ಪಿನ್ನರ್ ಯಾವ ದೊಡ್ಡ ಶಹರದ ಕೂಸೂ ಅಲ್ಲ. ತಂದೆ ತೀರಿಕೊಂಡ ಮೇಲೆ ಮನೆಯ ಭಾರ ಹೊತ್ತವರು. ಊರಲ್ಲಿ ಒಂದು ಮಹಿಳಾ ಕ್ರಿಕೆಟ್ ಕ್ಲಬ್ ಇತ್ತು. ಮುಂದೆ ರೈಲ್ವೆ ತಂಡವಿತ್ತು. ಇವೆರಡೂ ಇಲ್ಲದಿದ್ದರೆ ಆ ಪ್ರತಿಭೆ ಏನಾಗುತ್ತಿತ್ತು? ಸುರಪುರದಿಂದ ವಿಜಯಪುರ ಬಹಳ ದೂರವೇನಲ್ಲ. ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದು?

ಆಗದಿರಲು ಕಾರಣಗಳಿವೆ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ರಾಜ್ಯದಲ್ಲೇ ಕಡೆಯದು. ಹೆಣ್ಣುಮಕ್ಕಳಲ್ಲಿ ಅದು ನೂರಕ್ಕೆ 41ರಷ್ಟು ಮಾತ್ರ. ಹತ್ತಿ ಬಿಡಿಸುವ ದಿನ ಬಂತೆಂದರೆ ಶಾಲೆಯ ಬೆಂಚುಗಳು ಖಾಲಿ. ಮಳೆ ಕೈಕೊಟ್ಟರೆ ಕುಟುಂಬವೇ ಗುಳೆ ಹೊರಡುತ್ತದೆ. ಕ್ರಿಕೆಟ್ ಮಂಡಳಿಯ ಆಯ್ಕೆ ಶುರುವಾಗುವುದು 15 ವರ್ಷದೊಳಗಿನ ಬಾಲಕಿಯರಿಂದ. ಅದೇ ವಯಸ್ಸಿಗೆ ನಮ್ಮಲ್ಲಿ ಶಾಲೆ ಬಿಡಿಸುವ ಮಾತು, ಮದುವೆಯ ಮಾತು ಶುರುವಾಗುತ್ತದೆ. ಬಾಗಿಲು ತೆರೆಯುವ ಹೊತ್ತಿಗೇ ನಮ್ಮ ಹುಡುಗಿಯನ್ನು ಒಳಗೆ ಕೂಡಿಹಾಕುತ್ತೇವೆ.

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ?’ ಎಂದು ಕೆಲವರು ಕೇಳಿಯಾರು. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಇದು ಹಿಟ್ಟಿನ ಮಾತೇ ಆಗಿದೆ. 2022ರಲ್ಲಿ ಭಾರತ ತಂಡದ ಹೆಣ್ಣು ಗಂಡುಗಳಿಗೆ ಪಂದ್ಯದ ಸಂಭಾವನೆ ಸಮಾನವಾಯಿತು. 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದರು. ಮರುತಿಂಗಳೇ ದೇಶದೊಳಗಿನ ಹಿರಿಯ ಮಹಿಳೆಯರ ಏಕದಿನ ಪಂದ್ಯಗಳ ಸಂಭಾವನೆ ಆಡುವ ಹನ್ನೊಂದು ಜನಕ್ಕೆ ದಿನಕ್ಕೆ 20,000 ರೂಪಾಯಿಯಿಂದ 50,000ಕ್ಕೆ ಏರಿತು. ಇಂಥ ದುಡಿಮೆ ಉಳ್ಳವರ ಮಕ್ಕಳಿಗೆ ಮಾತ್ರ ಮೀಸಲಾಗಬೇಕೆ? ಆಡುವ ಹುಡುಗಿ ಶಾಲೆಯಲ್ಲಿ ಉಳಿಯುತ್ತಾಳೆ. ಶಾಲೆಯಲ್ಲಿ ಉಳಿದವಳ ಮದುವೆ ಮುಂದೆ ಹೋಗುತ್ತದೆ. ತಂಡಕ್ಕೆ ಆಯ್ಕೆಯಾಗದೆ ಹೋದರೂ ಈ ಲಾಭ ಅವಳ ಕೈತಪ್ಪುವುದಿಲ್ಲ.

ಇಪ್ಪತ್ತು ಓವರಿನ ಆಟ ದುಡಿಯುವ ಜನಕ್ಕೆ ಹೇಳಿ ಮಾಡಿಸಿದಂತಿದೆ. ಪಾಳಿ ಮುಗಿಸಿ ಬಂದವನು ಮೂರು ತಾಸಿನಲ್ಲಿ ಪಂದ್ಯವನ್ನು ಆದಿಯಿಂದ ಅಂತ್ಯದ ತನಕ ನೋಡಬಹುದು. ಒಂದೇ ಮೈದಾನದಲ್ಲಿ ದಿನಕ್ಕೆ ಎರಡು ಪಂದ್ಯ ನಡೆಸಬಹುದು. ಇದನ್ನು ನಮ್ಮ ತಾಲ್ಲೂಕುಗಳಿಗೆ ತರಲು ಕೋಟಿಗಳು ಬೇಕಾಗಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಒಂದೊಂದು ಮೈದಾನ ದಿನಕ್ಕೆರಡು ತಾಸು ಹೆಣ್ಣುಮಕ್ಕಳಿಗೇ ಮೀಸಲಾಗಲಿ. ಅಲ್ಲಿ ಶೌಚಾಲಯ, ಕುಡಿಯುವ ನೀರು ಇರಲಿ, ಕಲಿಸಲು ಒಬ್ಬ ಮಹಿಳೆ ಇರಲಿ. ಹತ್ತಿಯ ಸುಗ್ಗಿ ಮುಗಿದು ಪರೀಕ್ಷೆಯೂ ಬಿಸಿಲೂ ಏರುವ ಮುನ್ನ, ಫೆಬ್ರವರಿಯಲ್ಲಿ, ಮೂರೂ ತಾಲ್ಲೂಕಿನ ಬಾಲಕಿಯರ ಪಂದ್ಯಾವಳಿ ನಡೆಯಲಿ. ನಮ್ಮ ಭಾಗವನ್ನು ರಾಯಚೂರು ವಲಯವೆಂದು ಕರೆಯುವ ಕ್ರಿಕೆಟ್ ಸಂಸ್ಥೆಯ ಆಯ್ಕೆಗಾರರು ಇಲ್ಲಿಗೇ ಬಂದು ನೋಡಲಿ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಒಳ್ಳೆಯದೇ. ಆದರೆ ಮಗಳ ಜೊತೆ ಹೊರಟ ತಾಯಿಯ ಅಂದಿನ ಕೂಲಿ ಹೋಗುತ್ತದೆ, ಐದುನೂರು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ ಉಳಿಯಲು ಜಾಗ ಬೇಕಾಗುತ್ತದೆ. ಆ ಖರ್ಚನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಭರಿಸಲಿ. ಹಿಂದುಳಿದ ಭಾಗದ ಹೆಸರಿನಲ್ಲಿ ಬರುವ ಹಣ ಕಾಂಕ್ರೀಟಿಗೆ ಮಾತ್ರ ಅಲ್ಲ.

ಇನ್ನು ನಮ್ಮ ಪಾಲಿನ ಕೆಲಸವೂ ಇದೆ. ಊರಿನ ಗಂಡು ಹುಡುಗರ ಟೆನಿಸ್ ಬಾಲ್ ಪಂದ್ಯಾವಳಿಗೆ ನಮ್ಮ ವ್ಯಾಪಾರಿ ಬಂಧುಗಳು ಪ್ರತಿವರ್ಷ ಬಹುಮಾನ ಕೊಡುತ್ತಾರೆ. ಅದರಲ್ಲಿ ಅರ್ಧ ಈ ವರ್ಷ ಹೆಣ್ಣುಮಕ್ಕಳ ಬ್ಯಾಟು ಚೆಂಡಿಗೆ ಹೋಗಲಿ. ಮಿಲ್ಲಿನ ಸಂಘದವರು ತಮ್ಮ ಸಭೆಯಲ್ಲಿ ಈ ವಿಷಯ ಎತ್ತಲಿ. ತಂದೆತಾಯಿಗಳು ಮಗಳನ್ನು ಸಂಜೆ ಒಂದು ತಾಸು ಮೈದಾನಕ್ಕೆ ಕಳಿಸಲಿ. ಜನ ಏನೆಂದಾರು ಎಂಬ ಅಂಜಿಕೆ ಬೇಡ. ವಿಜಯಪುರದ ರಾಜೇಶ್ವರಿಯ ವಿಷಯದಲ್ಲಿ ಜನ ಇಂದು ಏನೆನ್ನುತ್ತಾರೆಂದು ಎಲ್ಲರಿಗೂ ಗೊತ್ತಿದೆ.

ಮುಂದಿನ ಮಹಾರಾಣಿ ಟ್ರೋಫಿ ನಡೆಯುವಾಗ ಈ ಮೂರು ಊರುಗಳಲ್ಲಿ ಒಂದರ ಹುಡುಗಿಯಾದರೂ ಆಯ್ಕೆಗಾರರ ಪಟ್ಟಿಯಲ್ಲಿ ಇರಬೇಕು. ಅದಕ್ಕಾಗಿ ಅರ್ಜಿ, ಸಭೆ, ಒತ್ತಾಯ ಎಲ್ಲವೂ ಈಗಲೇ ಆರಂಭವಾಗಲಿ. ಕೇಳದೆ ಈ ಭಾಗಕ್ಕೆ ಯಾರೂ ಏನನ್ನೂ ಕೊಟ್ಟ ಉದಾಹರಣೆ ಇಲ್ಲ.