ತಪ್ಪು ಮಾಡಿ ಕಲಿಯಲು ಒಂದು ಜಾಗ ಬೇಕು

ಕಳೆದ ರಜೆಯಲ್ಲಿ ನಮ್ಮ ಬೀಳಗಿಯಲ್ಲೇ ಒಂದು ಮನೆ ಕಟ್ಟುವ ಜಾಗಕ್ಕೆ ಕೆಲಸ ಕಲಿಯಲು ಹೋಗುತ್ತಿದ್ದೆ. ಸ್ಲ್ಯಾಬ್ ಹಾಕಿ ಐದನೇ ದಿನ. ಸೆಂಟ್ರಿಂಗ್ ಸಾಮಾನಿನ ಬಾಡಿಗೆ ಏರುತ್ತಿತ್ತು. ‘ಏನಪಾ ಇಂಜಿನಿಯರ, ಇವತ್ತ ಬಿಚ್ಚಬಹುದಲ್ಲ?’ ಎಂದು ಮನೆ ಮಾಲೀಕರು ಕೇಳಿದರು. ಸಾಮಾನ್ಯ ಸಿಮೆಂಟ್ ಬಳಸಿದ್ದರೆ, ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ ಆಸರೆ ಇರಬೇಕು ಎನ್ನುತ್ತದೆ ಐಎಸ್ 456. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಪಡೆದವನು ನಾನು. ಆದರೂ ಬಾಯಿ ಬಿಡಲಿಲ್ಲ. ‘ಇನ್ನ ಎರಡ ದಿನ ತಡೀರಿ ಸಾವಕಾರ್ರ, ಅವಸರ ಬ್ಯಾಡ’ ಎಂದದ್ದು ಹಿರಿಯ ಗೌಂಡಿ.

ಗೊತ್ತಿದ್ದೂ ನಾನೇಕೆ ಸುಮ್ಮನಿದ್ದೆ? ನಿಯಮ ಗೊತ್ತಿದೆಯೇ ಎಂದು ಪರೀಕ್ಷೆ ಕೇಳುತ್ತದೆ. ಒತ್ತಡ ಬಿದ್ದಾಗ ಅದನ್ನು ಹೇಳುತ್ತೀಯಾ ಎಂದು ಕೇಳುವುದಿಲ್ಲ.

ಅದನ್ನು ಕೇಳಬಲ್ಲದ್ದು ವರ್ಚುವಲ್ ರಿಯಾಲಿಟಿ. ಹೆಡ್‌ಸೆಟ್ ಹಾಕಿಕೊಂಡರೆ ಕಣ್ಣೆದುರು ಕಟ್ಟಡ, ಮೇಲೆ ಮೋಡ, ಕಾಯುತ್ತಿರುವ ಕೂಲಿಯವರು, ಅವಸರ ಮಾಡುವ ಮಾಲೀಕ. ನಾವು ಏನನ್ನು ನೋಡಿದೆವು, ಎಷ್ಟು ಸೆಕೆಂಡಿನಲ್ಲಿ ತೀರ್ಮಾನಿಸಿದೆವು, ಕ್ಯೂಬ್ ಪರೀಕ್ಷೆಯ ಫಲಿತಾಂಶ ಕೇಳಿದೆವೋ ಇಲ್ಲವೋ ಎಲ್ಲವೂ ದಾಖಲಾಗುತ್ತದೆ. ಇಡೀ ತರಗತಿಗೆ ಅದೇ ಸನ್ನಿವೇಶ ಕೊಟ್ಟು ಯಾರು ಎಲ್ಲಿ ಎಡವುತ್ತಾರೆಂದು ಹೋಲಿಸಬಹುದು. ನಿಜವಾದ ಸೈಟಿನಲ್ಲಿ ಅದೇ ಮೋಡ, ಅದೇ ಮಾಲೀಕ ಎರಡನೇ ಸಲ ಸಿಗುವುದಿಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಹಿಂದೆಯೇ ‘ವರ್ಚುವಲ್ ಕನ್‌ಸ್ಟ್ರಕ್ಷನ್ ಸಿಮ್ಯುಲೇಟರ್’ ಎಂಬ ಕಂಪ್ಯೂಟರ್ ಆಟ ರೂಪಿಸಿ, ಕೆಲಸದ ಕ್ರಮ, ಆಳುಗಳ ಸಂಖ್ಯೆಯನ್ನು ವಿದ್ಯಾರ್ಥಿಗಳೇ ನಿರ್ಧರಿಸುವಂತೆ ಮಾಡಿದ್ದರು.

ಕನ್ನಡಕ ತೆಗೆದರೆ ಭಯವೂ ಹೋಗುತ್ತದೆ, ನಿಜ. ಸಂಬಳ ಕೊಡುವವರ ಎದುರು ನಿಲ್ಲುವ ಧೈರ್ಯವನ್ನು ಯಂತ್ರ ಪೂರ್ತಿ ಕಲಿಸಲಾರದು. ಆದರೆ ‘ಆಗಲ್ಲ ಸರ್’ ಎಂಬ ಮಾತನ್ನು ಹತ್ತು ಸಲ ಹೇಳಿ ರೂಢಿಯಾದವನಿಗೆ ಹನ್ನೊಂದನೇ ಸಲ ಅದು ಸುಲಭವಾದೀತು.

2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತದ್ದನ್ನು ನಾವು ಮರೆತಿಲ್ಲ. ನಾಳೆ ಆಲಮಟ್ಟಿ ಜಲಾಶಯದ ಮಟ್ಟ 519.6ರಿಂದ 524.256 ಮೀಟರ್‌ಗೆ ಏರಿದರೆ ನಮ್ಮ ಭಾಗದ ಮುಳುಗಡೆ ಸಂತ್ರಸ್ತರಿಗೆ ಮನೆ, ಶಾಲೆ ಕಟ್ಟಬೇಕಾದವರು ನಮ್ಮಂಥವರೇ.

ಕಾಲೇಜಿಗೊಂದು ಹೆಡ್‌ಸೆಟ್, ವಾರಕ್ಕೊಂದು ತಾಸು, ನಮ್ಮ ಗೌಂಡಿಗಳನ್ನು ಕೇಳಿ ಕನ್ನಡದಲ್ಲೇ ಸಿದ್ಧಪಡಿಸಿದ ನಾಲ್ಕು ಸನ್ನಿವೇಶ: ಆರಂಭಕ್ಕೆ ಇಷ್ಟು ಸಾಕು. ಗೆಳೆಯರೇ, ಸಂದರ್ಶನಕ್ಕೆಂದು ಸಾಫ್ಟ್‌ವೇರ್ ಕಲಿಯುತ್ತಿದ್ದೇವೆ, ಕಲಿಯೋಣ. ಜತೆಗೆ, ತಪ್ಪಾದರೂ ಯಾರ ತಲೆ ಮೇಲೂ ಸ್ಲ್ಯಾಬ್ ಬೀಳದಂಥ ಒಂದು ಕೋಣೆಯನ್ನೂ ಕಾಲೇಜಿನಲ್ಲಿ ಕೇಳೋಣ.