ಉಸಿರಿನ ಬುತ್ತಿ

ಕ್ರಿಸ್‌ಮಸ್ ರಜೆ ಮುಗಿಸಿ ಬಂದ ಎಂಟನೇ ತರಗತಿಯ ಹುಡುಗಿಯೊಬ್ಬಳು ಫೋಟೋ ತೋರಿಸಿದಳು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಅವಳ ಅಣ್ಣ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುತ್ತಿದ್ದ. “ಸಾರ್, ಸ್ಕೂಬಾ ಅಂದ್ರೆ ಯಾವ ಭಾಷೆ? ಇದರಲ್ಲಿರೋದು ಆಕ್ಸಿಜನ್ ಅಲ್ವಾ?”

ಎರಡನೆಯ ಪ್ರಶ್ನೆಗೆ ಎಷ್ಟೋ ವರ್ಷ ನಾನೂ ‘ಹೌದು’ ಎಂದೇ ಪಾಠ ಮಾಡಿದ್ದೆ. ಅದು ತಪ್ಪು.

ಮೊದಲು ಶಬ್ದವನ್ನು ನೋಡೋಣ. ‘ಸೆಲ್ಫ್ ಕಂಟೇನ್ಡ್ ಅಂಡರ್‌ವಾಟರ್ ಬ್ರೀದಿಂಗ್ ಅಪರೇಟಸ್’ ಎಂಬ ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿದರೆ ‘ಸ್ಕೂಬಾ’. ನೀರಿನೊಳಗೆ ಉಸಿರಾಡಲು ಬೇಕಾದುದನ್ನೆಲ್ಲ ತನ್ನಲ್ಲೇ ಇಟ್ಟುಕೊಂಡಿರುವ ಸಾಧನ ಎಂದರ್ಥ. ಇದರ ಜೀವಾಳ ಮೊದಲೆರಡು ಪದಗಳಲ್ಲಿದೆ. ಹಿಂದೆ ಲೋಹದ ಶಿರಸ್ತ್ರಾಣ ತೊಟ್ಟ ಮುಳುಗುಗಾರನಿಗೆ ದೋಣಿಯ ಮೇಲಿನ ಪಂಪಿನಿಂದ ಕೊಳವೆಯ ಮೂಲಕ ಗಾಳಿ ಬರುತ್ತಿತ್ತು. ಕೊಳವೆಯ ಉದ್ದವೇ ಅವನ ಲೋಕ. ಸ್ಕೂಬಾ ಧರಿಸಿದವನೋ, ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕ.

ಈ ಹೆಸರಿಟ್ಟವರು ಅಮೆರಿಕದ ವೈದ್ಯ ಕ್ರಿಶ್ಚಿಯನ್ ಲ್ಯಾಂಬರ್ಟ್‌ಸನ್. ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಅವರು ರೂಪಿಸಿದ ಉಪಕರಣ ಎರಡನೇ ಮಹಾಯುದ್ಧದಲ್ಲಿ ಬಳಕೆಯಾಯಿತು. ಅದರಲ್ಲಿದ್ದುದು ಶುದ್ಧ ಆಮ್ಲಜನಕವೇ! ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ರಾಸಾಯನಿಕವೊಂದು ಹೀರಿಕೊಳ್ಳುತ್ತಿತ್ತು. ಗುಳ್ಳೆ ಏಳದ ಕಾರಣ ಶತ್ರುವಿಗೆ ಸುಳಿವು ಸಿಗುತ್ತಿರಲಿಲ್ಲ. 1950ರ ದಶಕದ ಆರಂಭದಲ್ಲಿ ‘ಸ್ಕೂಬಾ’ ಎಂಬ ಹೆಸರು ಬಂತು.

ಆದರೆ ಇಂದಿನ ಪ್ರವಾಸಿಗಳು ಬಳಸುವುದು ಬೇರೆ ವಂಶದ ಸಾಧನ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ‘ಆಕ್ವಾಲಂಗ್’ ತಯಾರಿಸಿದರು. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದುವಂತೆ, ಗಾಳಿ ಬಿಡುವ ಕವಾಟವೇ ಅದರ ಜಾಣತನ. ಸಾಧನ ಇವರದು, ಉಳಿದ ಹೆಸರು ಅವರದು!

ಈ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಒತ್ತಿ ತುಂಬಿದ ಶುದ್ಧ ಗಾಳಿ. ಅದರಲ್ಲಿ ಆಮ್ಲಜನಕ ಸುಮಾರು ಶೇ. 21 ಮಾತ್ರ. ಬರೀ ಆಮ್ಲಜನಕ ಏಕೆ ಬೇಡ? ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಸುಮಾರು 6 ಮೀಟರಿಗಿಂತ ಕೆಳಗೆ ಶುದ್ಧ ಆಮ್ಲಜನಕವೇ ವಿಷವಾಗಿ ಫಿಟ್ಸ್ ತರಬಲ್ಲದು. ನೀರಿನಡಿ ಫಿಟ್ಸ್ ಬಂದರೆ ಪ್ರಾಣಕ್ಕೇ ಸಂಚಕಾರ.

ಪೋಷಕರು ಇನ್ನೊಂದು ಮಾತು ನೆನಪಿಡಬೇಕು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಇದೇ ಬಾಯ್ಲನ ನಿಯಮ. ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶ ಹರಿಯಬಹುದು. ಆದ್ದರಿಂದ ಸ್ಕೂಬಾದ ಮೊದಲ ಪಾಠ: ಎಂದೂ ಉಸಿರು ಕಟ್ಟಬೇಡಿ. ತರಬೇತಿಯಿಲ್ಲದೆ, ಮಾರ್ಗದರ್ಶಕರಿಲ್ಲದೆ ಮಕ್ಕಳನ್ನು ನೀರಿಗಿಳಿಸಬೇಡಿ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಹಳೆಯ ಟಿಪ್ಪಣಿಯಲ್ಲಿ ‘ಆಕ್ಸಿಜನ್’ ಹೊಡೆದುಹಾಕಿ ‘ಗಾಳಿ’ ಎಂದು ಬರೆದೆ. ಹುಡುಗಿಗೊಂದು ಮನೆಗೆಲಸವನ್ನೂ ಕೊಟ್ಟೆ. ನೀವೂ ಮಾಡಿ: ರೇಡಾರ್, ಸೋನಾರ್, ಲೇಸರ್ – ಈ ಮೂರು ಶಬ್ದಗಳ ಗಂಟನ್ನೂ ಬಿಚ್ಚಿ ನೋಡಿ.