ಜೋಲಿಗೊಂದು ಕೊಂಬೆ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ವಸಂತ ವಲ್ಲಭರಾಯ ಸ್ವಾಮಿಯ ಗುಡಿಯಿರುವ ವಸಂತಪುರದ ಆಸುಪಾಸಿನಲ್ಲಿ ವಸತಿ ಸಮುಚ್ಚಯಗಳು ಮೇಲೇಳುತ್ತಲೇ ಇವೆ. ಇಂತಹ ಕಟ್ಟಡಗಳ ಕೆಲಸಕ್ಕೆಂದು ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳಿಂದ ನಗರಕ್ಕೆ ಬರುವ ತಾಯಂದಿರು ಮೊದಲು ಅರಸುವುದು ಒಂದು ಗಟ್ಟಿ ಕೊಂಬೆಯನ್ನು. ಹಳೆಯ ಸೀರೆಯ ಎರಡು ತುದಿಗಳನ್ನು ಅದಕ್ಕೆ ಗಂಟು ಹಾಕಿದರೆ ಕೂಸಿಗೆ ಜೋಲಿ ಸಿದ್ಧ. ಕೊಂಬೆಯಿಲ್ಲದೆಡೆ ಸಾರುವೆಯ ಕಬ್ಬಿಣದ ಕೊಳವೆಯೇ ಗತಿ; ಅಲ್ಲಿ ನೆರಳಿಲ್ಲ, ಮೇಲಿನಿಂದ ಗಾರೆ ಬೀಳುವ ಭಯ ಬೇರೆ.

ಇದೇ ಜೋಲಿಯನ್ನು ನಗರದ ಅನುಕೂಲಸ್ಥರು ಈಗ 'ಹ್ಯಾಮಕ್' ಎಂಬ ಹೆಸರಿನಲ್ಲಿ, ನೈಲಾನಿನ ರೂಪದಲ್ಲಿ ಕೊಂಡು ತರುತ್ತಿದ್ದಾರೆ. ಆ ಹೆಸರು ಕೆರಿಬಿಯನ್ ದ್ವೀಪಗಳ ತಾಯಿನೋ ಜನರದು. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲುಪಿದ ಬಳಿಕ ಯೂರೋಪಿಗೆ ಹೋಯಿತು. ಕೊಳ್ಳುವ ಅಗತ್ಯವೇನೂ ಇಲ್ಲ. ಐದೂವರೆ ಮೀಟರಿನ ಗಟ್ಟಿ ಹತ್ತಿಯ ಸೀರೆಯನ್ನು ಅಡ್ಡಲಾಗಿ ಎರಡು ಪದರವಾಗಿ ಮಡಿಸಿದರೆ ದೊಡ್ಡವರು ಮಲಗುವಷ್ಟು ಉದ್ದವಾಗುತ್ತದೆ. ತುದಿಗಳನ್ನು ನೆರಿಗೆ ಹಿಡಿದು ಒಟ್ಟುಗೂಡಿಸಿ, ಹಿಂದಕ್ಕೆ ಮಡಚಿ, ಹಗ್ಗದಿಂದ ಬಿಗಿಯಾಗಿ ಸುತ್ತಿ ಕಟ್ಟಬೇಕು. ಆ ಮಡಿಕೆಯ ಕುಣಿಕೆಯಲ್ಲಿ ತೂಗುಹಗ್ಗ ಹಾಯುತ್ತದೆ. ಜೀರ್ಣವಾದ ಸೀರೆ ಇದಕ್ಕೆ ಒದಗದು. ಜನ ಕೂರುವ ಮುನ್ನ ಮರಳಿನ ಮೂಟೆಯೊಂದನ್ನು ಹೇರಿ ನೋಡುವುದು ಲೇಸು.

ಬಿಗಿಯಾಗಿ ಎಳೆದು ಕಟ್ಟಿದಷ್ಟೂ ಭದ್ರ ಎಂಬುದು ತಪ್ಪು ತಿಳಿವಳಿಕೆ. ಹಗ್ಗವು ಸಮತಲಕ್ಕೆ 30 ಡಿಗ್ರಿ ಓರೆಯಾಗಿದ್ದರೆ 60 ಕಿಲೋ ತೂಕದ ವ್ಯಕ್ತಿ ಮಲಗಿದಾಗ ಪ್ರತಿ ಬದಿಯ ಎಳೆತ 60 ಕಿಲೋದಷ್ಟೇ. ಓರೆಯನ್ನು 10 ಡಿಗ್ರಿಗೆ ಇಳಿಸಿ ಬಿಗಿದರೆ ಅದೇ ಎಳೆತ ಸುಮಾರು 170 ಕಿಲೋಗೆ ಏರುತ್ತದೆ. ಬಟ್ಟೆ ಹರಿಯುವುದೂ ಮರ ನೋಯುವುದೂ ಇದರಿಂದಲೇ.

ಮರ ನೋಯುತ್ತದೆ ಎಂಬುದು ಅಲಂಕಾರದ ಮಾತಲ್ಲ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಅದರ ಕೆಳಗೇ ಕಾಂಡವನ್ನು ದಪ್ಪವಾಗಿಸುವ ತೆಳುಪದರವಿದೆ. ಸಣ್ಣ ನೈಲಾನ್ ಹಗ್ಗ ಭಾರ ಬಿದ್ದಾಗಲೆಲ್ಲ ಈ ಎರಡನ್ನೂ ಜಜ್ಜುತ್ತದೆ. ಬಿಚ್ಚದೆ ಬಿಟ್ಟರೆ, ಮರ ದಪ್ಪವಾದಂತೆ ಹಗ್ಗ ಒಳಗೆ ಇಳಿದು ಬೇರನ್ನು ಉಪವಾಸ ಕೆಡವುತ್ತದೆ. ಆದುದರಿಂದ ನಾಲ್ಕು ಬೆರಳಗಲದ ಪಟ್ಟಿಯನ್ನೇ ಬಳಸಿ, ತೊಗಟೆಗೂ ಪಟ್ಟಿಗೂ ನಡುವೆ ಮಡಿಸಿದ ಗೋಣಿಚೀಲವನ್ನಿಟ್ಟು, ಸಂಜೆಗೆ ಬಿಚ್ಚಿಡಬೇಕು. ಮೊಳೆಯನ್ನಂತೂ ಹೊಡೆಯಲೇಬಾರದು. ತೆಂಗಿನ ಕಾಂಡಕ್ಕೆ ಮೇಲೆ ಹೇಳಿದ ಬೆಳವಣಿಗೆಯ ಪದರವೇ ಇಲ್ಲ. ಅದರ ಗಾಯ ಮತ್ತೆ ಮುಚ್ಚಿಕೊಳ್ಳದು, ಕೆಂಪು ಮೂತಿ ಹುಳು ಮೊಟ್ಟೆಯಿಡುವುದು ಇಂತಹ ಗಾಯಗಳಲ್ಲೇ.

ಹುಣಸೆ, ಬೇವು, ಹೊಂಗೆಗಳ ಬಲಿತ ಕಾಂಡ ನಂಬಿಕೆಗೆ ಅರ್ಹ. ಬೀದಿಬೀದಿಗೆ ನೆಟ್ಟ ಗುಲ್‌ಮೊಹರ್ ಕಣ್ಣಿಗೆ ಚೆಂದ, ಆದರೆ ಅದರ ಕೊಂಬೆ ಬಲು ಪೆಡಸು. ಮುಂಗಾರು ಪೂರ್ವದ ಒಂದು ಗಾಳಿಮಳೆಗೇ ಮುರಿದು ಬೀಳುತ್ತದೆ.

ಮನೆಯಂಗಳದ ಜೋಲಿ ವಿರಾಮಕ್ಕೆ. ಕಟ್ಟಡದ ಜಾಗದ ಜೋಲಿ ಅನಿವಾರ್ಯಕ್ಕೆ. 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಒದಗಿಸಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆ ವಿಧಿಸಿತ್ತು. ನಾಲ್ಕೈದು ಹೆಂಗಸರು ದುಡಿಯುವ ಸಣ್ಣ ನಿವೇಶನಗಳು ಆ ಲೆಕ್ಕದೊಳಗೆ ಬರಲೇ ಇಲ್ಲ. ಅಲ್ಲಿನ ಕೂಸಿಗೆ ಇದ್ದ ಆಸರೆ ಮರವೊಂದೇ. ಅದನ್ನೂ ಮೊದಲ ದಿನವೇ ಉರುಳಿಸಿ, ಕಟ್ಟಡ ಮುಗಿದ ಮೇಲೆ ಬಾಗಿಲ ಮುಂದೆ ಅಲಂಕಾರದ ತಾಳೆಗಳನ್ನು ಸಾಲಾಗಿ ನೆಡುವ ರೂಢಿ ನಿಲ್ಲಬೇಕು. ನಕ್ಷೆ ಬರೆಯುವಾಗಲೇ ಮೂಲೆಯ ಒಂದು ಹುಣಸೆಯನ್ನು ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ. ವಿನಾಯಿತಿ ಪಡೆದ ಜಾತಿಗಳ ಹೊರತು ಖಾಸಗಿ ಜಾಗದ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುತ್ತದೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ. ಮನೆ ಕೊಳ್ಳಲು ಹೋಗುವವರು ಉಳಿದ ಕಾಗದಪತ್ರಗಳೊಡನೆ ಆ ಅನುಮತಿಪತ್ರವನ್ನೂ ಕೇಳಿ ನೋಡಲಿ.